ಗೇಜು ಬದಲಾದರೂ ಚೀಟಿ ಕಳಚಬಾರದು

ಉಚಿತ ತಂತ್ರಾಂಶವನ್ನು ಹೊಸ ಯಂತ್ರಕ್ಕೆ ಒಯ್ಯುವಾಗ ಸಂಘ-ಸಂಸ್ಥೆಗಳು ಅರಿತಿರಬೇಕಾದ ಸಂಗತಿಗಳು

ದೌಂಡ: ಪುಣೆ ಜಿಲ್ಲೆಯ ಭೀಮಾ ತೀರದಲ್ಲಿರುವ ದೌಂಡ ಹೊರನಾಡ ಕನ್ನಡಿಗರಿಗೆ ಹೊಸ ಊರೇನಲ್ಲ. ಮುಂಬಯಿ, ಪುಣೆಗಳಿಂದ ಸೊಲ್ಲಾಪುರ, ಕಲಬುರಗಿ, ರಾಯಚೂರು ಕಡೆಗೆ ಸಾಗುವ ಉದ್ಯಾನ ಎಕ್ಸ್‌ಪ್ರೆಸ್‌ನಂತಹ ಗಾಡಿಗಳ ದಾರಿ ಇದೇ. ಮನಮಾಡ ಕಡೆಗೆ ಒಂದು ಮಾರ್ಗ, ಬಾರಾಮತಿ ಕಡೆಗೆ ಇನ್ನೊಂದು ಮಾರ್ಗ ಇಲ್ಲಿಂದಲೇ ಕವಲೊಡೆಯುತ್ತವೆ. ಇಂದು ಬ್ರಾಡ್ ಗೇಜ್ ಆಗಿರುವ ಬಾರಾಮತಿ ಮಾರ್ಗ ಹಿಂದೆ ನ್ಯಾರೋ ಗೇಜ್ ಆಗಿತ್ತು. ಚಿಕ್ಕ ಹಳಿಯ ವ್ಯಾಗನ್ ದೊಡ್ಡ ಹಳಿಯ ಮೇಲೆ ಓಡದು. ಸರಕನ್ನು ಇಳಿಸಿ ಬೇರೆ ವ್ಯಾಗನ್‌ಗೆ ತುಂಬಲೇಬೇಕು. ಬೆಂಗಳೂರು, ಹುಬ್ಬಳ್ಳಿಗಳಿಂದ ಮೀಟರ್ ಗೇಜ್ ಗಾಡಿಯಲ್ಲಿ ಬಂದು, ಮೀರಜದಲ್ಲಿ ಟ್ರಂಕು-ಹಾಸಿಗೆ ಇಳಿಸಿಕೊಂಡು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಏರಿದ ಹಿರಿಯರಿಗೆ ಈ ಪಾಡು ಚೆನ್ನಾಗಿ ಗೊತ್ತು.

ಹೀಗೆ ಗಾಡಿ ಬದಲಾಯಿಸುವಾಗ ಮೂಟೆ ಒಂದು ಗಾಡಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಆದರೆ ಅದರ ಮೇಲಿನ ಚೀಟಿ ಕಳಚುವಂತಿಲ್ಲ. ಕಳಿಸಿದವರು ಯಾರು, ಸೇರಬೇಕಾದ್ದು ಎಲ್ಲಿಗೆ, ರೈಲ್ವೆ ರಸೀದಿಯ ನಂಬರು ಯಾವುದು ಎಂಬುದು ಚೀಟಿಯಲ್ಲಿರುತ್ತದೆ. ಚೀಟಿ ಹೋದ ಮೂಟೆ ವಾರಸುದಾರರಿಲ್ಲದ ಮೂಟೆಯಾಗಿ ಗೋದಾಮು ಸೇರುತ್ತದೆ.

ಕಂಪ್ಯೂಟರ್ ಲೋಕದಲ್ಲಿಯೂ ಇಂಥದೇ ಗೇಜ್ ಬದಲಾವಣೆ ನಡೆಯುತ್ತಲೇ ಇರುತ್ತದೆ. ನಮ್ಮ ಕನ್ನಡ ಅಕ್ಷರಗಳು, ಕೀಲಿಮಣೆಗಳು, ಓದುವ-ಬರೆಯುವ ತಂತ್ರಾಂಶಗಳು ಹಳೆಯ ಮೇಜುಗಣಕದಿಂದ ಅಂಗೈಯಗಲದ ಅಗ್ಗದ ಗಣಕಕ್ಕೆ, ಮೊಬೈಲ್‌ಗೆ, ನಾಳೆ ಇನ್ನೊಂದಕ್ಕೆ ಸಾಗಬೇಕು. ಸಾಗಿಸುವವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಆ ಭರದಲ್ಲಿ ಚೀಟಿ ಕಳಚಿ ಹೋಗುತ್ತಿರುವುದೇ ಚಿಂತೆಯ ವಿಷಯ.

ಯಂತ್ರ ಬೇರೆ, ಭಾಷೆ ಬೇರೆ

ಮನೆ, ಕಚೇರಿಗಳ ಬಹುತೇಕ ಮೇಜುಗಣಕಗಳಲ್ಲಿ ಇರುವುದು ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರ್. ಮೊಬೈಲ್ ಫೋನು, ರಾಸ್‌ಬೆರಿ ಪೈ ಎಂಬ ಚಿಕ್ಕ ಗಣಕ ಇವುಗಳಲ್ಲಿ ಇರುವುದು ಆರ್ಮ್ ಜಾತಿಯದು. ಈಗ ರಿಸ್ಕ್-ಫೈವ್ ಎಂಬ ಮೂರನೆಯ ಜಾತಿಯೂ ಬೆಳೆಯುತ್ತಿದೆ. ಮದ್ರಾಸ್ ಐಐಟಿಯ 'ಶಕ್ತಿ', ಪುಣೆಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಸಿ-ಡ್ಯಾಕ್ ಸಂಸ್ಥೆಯ 'ವೇಗ' ಪ್ರೊಸೆಸರ್‌ಗಳು ಇದೇ ಜಾತಿಗೆ ಸೇರಿದವು. ಒಂದು ಜಾತಿಯ ಪ್ರೊಸೆಸರ್‌ಗೆ ತಿಳಿಯುವ ಆಜ್ಞೆ ಇನ್ನೊಂದಕ್ಕೆ ತಿಳಿಯದು.

ಪ್ರೋಗ್ರಾಂ ಎರಡು ರೂಪದಲ್ಲಿ ಇರುತ್ತದೆ. ಮನುಷ್ಯರು ಬರೆದು, ಓದಿ, ತಿದ್ದುವಂಥದು ಮೂಲ ಪಾಠ. ಅದನ್ನು ಯಂತ್ರಕ್ಕೆ ಅರ್ಥವಾಗುವಂತೆ ಪರಿವರ್ತಿಸಿದ್ದು ಯಂತ್ರಪ್ರತಿ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಯಂತ್ರಪ್ರತಿ ಎಂದರೆ ಪಾಸ್‌ಬುಕ್ಕಿನ ಕೊನೆಯ ಬಾಕಿ ಮೊತ್ತ. ಮೂಲ ಪಾಠ ಎಂದರೆ ಅದರ ಹಿಂದಿನ ವೋಚರುಗಳು. ಹೊಸ ಜಾತಿಯ ಯಂತ್ರಕ್ಕೆ ಹೋಗಬೇಕಾದರೆ ಮೂಲ ಪಾಠದಿಂದ ಮತ್ತೆ ಯಂತ್ರಪ್ರತಿ ಕಟ್ಟಬೇಕು. ಬೇಕಾದೆಡೆ ಪಾಠವನ್ನು ಕೊಂಚ ತಿದ್ದಬೇಕು. ಇದನ್ನೇ ಪೋರ್ಟಿಂಗ್ ಎನ್ನುವುದು. ಮೂಲ ಪಾಠ ಕೈಯಲ್ಲಿ ಇಲ್ಲದಿದ್ದರೆ ಪೋರ್ಟಿಂಗ್ ಬಹುಮಟ್ಟಿಗೆ ಕನಸೇ ಸರಿ.

ಇದಕ್ಕೆ ಒಳ್ಳೆಯ ಉದಾಹರಣೆ ರಾಸ್‌ಬೆರಿ ಪೈ. 2012ರಲ್ಲಿ ಇದು ಮಾರುಕಟ್ಟೆಗೆ ಬಂದಾಗ, ಲಿನಕ್ಸ್ ಬಳಗದ ಪ್ರಸಿದ್ಧ ಸಂಗ್ರಹವಾದ ಡೆಬಿಯನ್‌ನ ವೇಗದ ಆರ್ಮ್ ಆವೃತ್ತಿ ಹೊಸ ಪೀಳಿಗೆಯ ಪ್ರೊಸೆಸರ್‌ಗೆಂದು ಕಟ್ಟಿದ್ದಾಗಿತ್ತು. ಪೈನ ಪ್ರೊಸೆಸರ್ ಅದಕ್ಕಿಂತ ಹಳೆಯ ಪೀಳಿಗೆಯದು. ಮೈಕ್ ಥಾಂಪ್ಸನ್, ಪೀಟರ್ ಗ್ರೀನ್ ಮೊದಲಾದ ಸ್ವಯಂಸೇವಕರು ಸುಮ್ಮನೆ ಕೂರಲಿಲ್ಲ. ಮೂಲ ಪಾಠದಿಂದ 35 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಮತ್ತೆ ಕಟ್ಟಿ, ಅದೇ ವರ್ಷ 'ರಾಸ್ಬಿಯನ್' ಹೆಸರಿನಲ್ಲಿ ಹೊರತಂದರು. ಯಾರ ಬಾಗಿಲನ್ನೂ ಬಡಿಯದೆ ಇದು ಸಾಧ್ಯವಾದದ್ದು ಏಕೆ? ಪ್ರತಿಯೊಂದು ಪ್ಯಾಕೇಜಿನ ಜೊತೆಗೂ ಮೂಲ ಪಾಠ ಮತ್ತು ಪರವಾನಗಿ ಚೀಟಿ ಇದ್ದುದರಿಂದ.

ಉಚಿತ ಎಂದರೆ ಷರತ್ತಿಲ್ಲ ಎಂದಲ್ಲ

ಉಚಿತವಾಗಿ ಸಿಕ್ಕಿದ್ದರಿಂದ ಹೇಗೆ ಬೇಕಾದರೂ ಹಂಚಬಹುದು ಎಂಬ ಭಾವನೆ ಅನೇಕರಲ್ಲಿದೆ. ಇದು ತಪ್ಪು. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಗೆ 1984ರಲ್ಲಿ ಬಂದ ತಿದ್ದುಪಡಿಯ ನಂತರ ಕಂಪ್ಯೂಟರ್ ಪ್ರೋಗ್ರಾಂ ಕೂಡ 'ಸಾಹಿತ್ಯ ಕೃತಿ'ಯೇ. ಕಾದಂಬರಿ ಬರೆದವರಿಗೆ ಇರುವ ಹಕ್ಕು ಪ್ರೋಗ್ರಾಂ ಬರೆದವರಿಗೂ ಉಂಟು. ಮುಕ್ತ ತಂತ್ರಾಂಶ ಬರೆದವರು ಆ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಕೆಲವು ಷರತ್ತುಗಳ ಮೇಲೆ ಎಲ್ಲರಿಗೂ ಅನುಮತಿ ಕೊಟ್ಟಿದ್ದಾರೆ, ಅಷ್ಟೇ. ಷರತ್ತು ಮುರಿದರೆ ಅನುಮತಿಯೂ ಮುರಿಯುತ್ತದೆ.

ಷರತ್ತುಗಳು ಎಲ್ಲ ಕಡೆ ಒಂದೇ ಅಲ್ಲ. ಎಮ್‌ಐಟಿ, ಬಿಎಸ್‌ಡಿ ಜಾತಿಯ ಪರವಾನಗಿಗಳು ಕೇಳುವುದು ಅಲ್ಪ: ಕರ್ತೃವಿನ ಹೆಸರು ಮತ್ತು ಪರವಾನಗಿಯ ಪಾಠ ಪ್ರತಿಯ ಜೊತೆ ಉಳಿಯಲಿ. 2004ರ ಅಪಾಚೆ 2.0 ಪರವಾನಗಿ ಇದರ ಜೊತೆಗೆ, ತಿದ್ದಿದ ಕಡತಗಳಲ್ಲಿ ತಿದ್ದಿದ್ದೇವೆ ಎಂದು ನಮೂದಿಸಲು ಹೇಳುತ್ತದೆ. 1991ರ ಜಿಪಿಎಲ್ ಎರಡನೆಯ ಆವೃತ್ತಿ ಮತ್ತು 2007ರ ಮೂರನೆಯ ಆವೃತ್ತಿ ಇನ್ನೂ ಕಟ್ಟುನಿಟ್ಟು. ಯಂತ್ರಪ್ರತಿ ಕೊಟ್ಟವರು ಅದಕ್ಕೆ ಸರಿಹೊಂದುವ ಮೂಲ ಪಾಠವನ್ನೂ ಕೊಡಬೇಕು. ಎರಡನೆಯ ಆವೃತ್ತಿಯ ಪ್ರಕಾರ ಜೊತೆಯಲ್ಲೇ ಕೊಡದಿದ್ದರೆ, ಕೇಳಿದವರಿಗೆ ಕೊಡುತ್ತೇವೆ ಎಂಬ ಲಿಖಿತ ವಚನ ಕೊಡಬಹುದು. ಅದು ಕನಿಷ್ಠ ಮೂರು ವರ್ಷ ಊರ್ಜಿತವಾಗಿರಬೇಕು. ಮೂಲ ಪಾಠ ಎಂದರೆ ಪ್ರೋಗ್ರಾಂ ಮಾತ್ರವಲ್ಲ, ಅದನ್ನು ಕಟ್ಟಲು ಮತ್ತು ಸ್ಥಾಪಿಸಲು ಬಳಸಿದ ಸ್ಕ್ರಿಪ್ಟುಗಳೂ ಸೇರಿ ಎಂದು ಆ ಪರವಾನಗಿ ಸ್ಪಷ್ಟವಾಗಿ ಹೇಳಿದೆ. ಪೋರ್ಟಿಂಗ್ ಮಾಡುವವರಿಗೆ ಇದು ಅತಿ ಮುಖ್ಯ. ಹೊಸ ಯಂತ್ರಕ್ಕೆಂದು ಮಾಡಿದ ಹೊಸ ಕೆಲಸ ಅಡಗಿರುವುದು ಬಹುಪಾಲು ಆ ಸ್ಕ್ರಿಪ್ಟುಗಳಲ್ಲಿಯೇ.

ಕನ್ನಡದ ಮೂಟೆಯಲ್ಲಿ ಏನಿದೆ?

ಚಿಕ್ಕ ಗಣಕದಲ್ಲಿ ಕನ್ನಡ ಮೂಡಬೇಕಾದರೆ ಮೂರು ವಸ್ತುಗಳು ಬೇಕು: ಅಕ್ಷರದ ಫಾಂಟು, ಒತ್ತಕ್ಷರ-ಗುಣಿತಗಳನ್ನು ಜೋಡಿಸುವ ಯಂತ್ರಾಂಗ ಮತ್ತು ಕೀಲಿಮಣೆ. ಮೂರಕ್ಕೂ ಮೂರು ಬಗೆಯ ಪರವಾನಗಿ ಇದೆ.

ಲೋಹಿತ್ ಕನ್ನಡ ಫಾಂಟನ್ನು ನೋಡೋಣ. ರೆಡ್ ಹ್ಯಾಟ್ ಸಂಸ್ಥೆ 2004ರಲ್ಲಿ ಲೋಹಿತ್ ಫಾಂಟುಗಳನ್ನು ಜಿಪಿಎಲ್ ಅಡಿಯಲ್ಲಿ ಬಿಡುಗಡೆ ಮಾಡಿತು. 2011ರಲ್ಲಿ ಅವು ಓಪನ್ ಫಾಂಟ್ ಲೈಸೆನ್ಸ್ ಅಡಿಗೆ ಬಂದವು. ಫಾಂಟಿಗೆ ಗೇಜಿನ ತೊಂದರೆ ಇಲ್ಲ. ಅದು ಎಲ್ಲ ಜಾತಿಯ ಯಂತ್ರಕ್ಕೂ ಒಂದೇ. ಡೆಬಿಯನ್ ಸಂಗ್ರಹದಲ್ಲಿ ಅದರ ಮೇಲೆ 'ಎಲ್ಲಕ್ಕೂ' ಎಂಬ ಮುದ್ರೆಯೇ ಇದೆ. ಆದರೆ ಷರತ್ತು ಉಂಟು. ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ. ಯಾರಾದರೂ 'ಕ್ಷ' ಅಕ್ಷರದ ಬಾಲವನ್ನು ತಿದ್ದಿ ಹಂಚಿದರೆ, ಕಾಯ್ದಿರಿಸಿದ 'ಲೋಹಿತ್' ಹೆಸರನ್ನು ಅದಕ್ಕೆ ಇಡುವಂತಿಲ್ಲ, ಬೇರೆ ಹೆಸರಿಡಬೇಕು.

ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ಯಂತ್ರಾಂಗದ್ದು. ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲಿಯೂ ಇದೇ ದುಡಿಯುತ್ತದೆ. ಇದರದು ಎಮ್‌ಐಟಿ ಬಗೆಯ ಸರಳ ಪರವಾನಗಿ. ಕೀಲಿಮಣೆಗೆ ಜಪಾನಿನಲ್ಲಿ ಬೆಳೆದ ಎಮ್17ಎನ್ ಎಂಬ ಗ್ರಂಥಾಲಯವಿದೆ, ಇದರದು ಎಲ್‌ಜಿಪಿಎಲ್. ಅದರ ದತ್ತಾಂಶದಲ್ಲಿ ಕನ್ನಡದ ಕೆಜಿಪಿ ವಿನ್ಯಾಸವೂ ಸೇರಿದೆ. ಈ ವಿನ್ಯಾಸದ ಮೂಲ, ಮುಂಬಯಿಯ ಟಾಟಾ ಪ್ರೆಸ್‌ನಲ್ಲಿ ದುಡಿದ ಕೆ.ಪಿ. ರಾವ್ ಅವರು ರೂಪಿಸಿ ಯಾವ ಶುಲ್ಕವೂ ಇಲ್ಲದೆ ನಾಡಿಗೆ ಬಿಟ್ಟುಕೊಟ್ಟ ಕೀಲಿಮಣೆ. ಹೊರನಾಡಿನಲ್ಲಿ ದುಡಿದ ಕನ್ನಡಿಗರೊಬ್ಬರ ಕೊಡುಗೆ ಜಪಾನು ಸುತ್ತಿ ದೌಂಡದ ಮಗುವಿನ ಬೆರಳ ತುದಿಗೆ ಬರಬಹುದು ಎಂಬುದು ಹೆಮ್ಮೆಯ ಸಂಗತಿಯಲ್ಲವೇ? ಹಂಚುವಾಗ ಕರ್ತೃಗಳ ಹೆಸರಿನ ಕಡತವನ್ನೇ ಅಳಿಸಿದರೆ ಈ ಹೆಮ್ಮೆಗೆ ಆಧಾರ ಉಳಿಯದು.

ಇಂಗ್ಲಿಷ್ ಸರಿ, ಕನ್ನಡ ಮಾತ್ರ ಕೆಟ್ಟಿತು!

ಪೋರ್ಟಿಂಗ್‌ನಲ್ಲಿ ಪಾಠ ತಿದ್ದುವ ಪ್ರಸಂಗ ಹೇಗೆ ಬರುತ್ತದೆ? ಸಿ ಭಾಷೆಯಲ್ಲಿ ಒಂದು ಅಕ್ಷರಕ್ಕೆಂದು ಇರುವ ಚಿಕ್ಕ ಕೋಣೆಯನ್ನು ಲಿನಕ್ಸ್‌ನಲ್ಲಿ ಇಂಟೆಲ್ ಜಾತಿಯ ಯಂತ್ರ ಋಣ ಸಂಖ್ಯೆಯೂ ಇರಬಹುದಾದ ಕೋಣೆ ಎಂದು ಬಗೆಯುತ್ತದೆ. ಆರ್ಮ್ ಯಂತ್ರ ಬರೀ ಧನ ಸಂಖ್ಯೆಯ ಕೋಣೆ ಎಂದು ಬಗೆಯುತ್ತದೆ. ಇಂಗ್ಲಿಷ್ ಅಕ್ಷರಗಳ ಬೆಲೆ 127 ದಾಟದು. ಆದ್ದರಿಂದ ಎರಡೂ ಕಡೆ ಲೆಕ್ಕ ಒಂದೇ. ಆದರೆ ಇಂದಿನ ಯುನಿಕೋಡ್ ಪದ್ಧತಿಯಲ್ಲಿ, ಯುಟಿಎಫ್-8 ಬರವಣಿಗೆಯಲ್ಲಿ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಕೋಣೆ ಬೇಕು. ಮೂರರಲ್ಲೂ ಬೆಲೆ 127ಕ್ಕಿಂತ ಹೆಚ್ಚು. 'ಕೋಣೆಯಲ್ಲಿ ಋಣ ಸಂಖ್ಯೆ ಕಂಡರೆ ಅದು ಇಂಗ್ಲಿಷ್ ಅಲ್ಲ' ಎಂದು ಬರೆದ ಹಳೆಯ ಪಾಠ ಇಂಟೆಲ್ ಮೇಲೆ ಸರಿಯಾಗಿ ನಡೆದು, ಆರ್ಮ್ ಮೇಲೆ ಎಡವುತ್ತದೆ. ಇಂಗ್ಲಿಷ್ ಚೆನ್ನಾಗಿ ಮೂಡಿ ಕನ್ನಡ ಮಾತ್ರ ಕಲಸುಮೇಲೋಗರವಾಗುತ್ತದೆ.

ಪರಿಹಾರ ಅನೇಕ ವೇಳೆ ಒಂದೇ ಸಾಲಿನ ತಿದ್ದುಪಡಿ. ಜಾಣ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಮಾಡಬಹುದು. ಆದರೆ ಪ್ರೋಗ್ರಾಂ ಜಿಪಿಎಲ್‌ನದಾಗಿದ್ದರೆ, ಆ ಒಂದು ಸಾಲಿಗೂ ಲೆಕ್ಕವಿದೆ. ತಿದ್ದಿದ ಕಡತದಲ್ಲಿ ತಿದ್ದಿದ ವಿಷಯ ಮತ್ತು ದಿನಾಂಕ ಬರೆಯಬೇಕು. ಹಂಚಿದರೆ ತಿದ್ದಿದ ಪಾಠವನ್ನೇ ಕೊಡಬೇಕು. 'ಮೂಲದವರ ಬಳಿ ಇದೆ, ಅಲ್ಲಿ ತೆಗೆದುಕೊಳ್ಳಿ' ಎಂದರೆ ಸಾಲದು. ಮೂಲದವರ ಬಳಿ ಇರುವುದು ತಿದ್ದುವ ಮುಂಚಿನ ಪಾಠವಲ್ಲವೇ?

ಎಡವುವುದು ಎಲ್ಲಿ?

ಮೊದಲನೆಯದು, ಜಾಗ ಉಳಿಸುವ ಭರ. ಡೆಬಿಯನ್‌ನಲ್ಲಿ ಪ್ರತಿ ಪ್ಯಾಕೇಜಿನ ದಾಖಲೆಗೂ ಒಂದೊಂದು ಕೋಶವಿದ್ದು, ಅದರಲ್ಲಿ 'ಕಾಪಿರೈಟ್' ಎಂಬ ಕಡತವಿರುತ್ತದೆ. ಚಿಕ್ಕ ಗಣಕದ ಮೆಮೊರಿ ಕಾರ್ಡಿನಲ್ಲಿ ಜಾಗ ಸಾಲದೆಂದು ಇಡೀ ದಾಖಲೆ ಕೋಶವನ್ನೇ ಅಳಿಸುವವರುಂಟು. ಉಳಿಯುವುದು ಕೆಲವು ಎಂಬಿ. ಕಳೆದುಹೋಗುವುದು ನೂರಾರು ಕರ್ತೃಗಳ ಹೆಸರು, ಅದರ ಜೊತೆ ಹಂಚುವ ಹಕ್ಕು ಕೂಡ.

ಎರಡನೆಯದು, ಎಲ್ಲವನ್ನೂ ಒಂದರೊಳಗೆ ಬೆಸೆಯುವುದು. ದೊಡ್ಡ ಗಣಕದಲ್ಲಿ ಎಲ್‌ಜಿಪಿಎಲ್ ಗ್ರಂಥಾಲಯ ಪ್ರತ್ಯೇಕ ಕಡತವಾಗಿರುತ್ತದೆ. ಬೇಕೆಂದವರು ಅದನ್ನು ಬದಲಾಯಿಸಿಕೊಳ್ಳಬಹುದು. ಚಿಕ್ಕ ಯಂತ್ರಕ್ಕೆ ಒಯ್ಯುವಾಗ ಸಲೀಸಾಗಲೆಂದು ಎರಡನ್ನೂ ಒಂದೇ ಯಂತ್ರಪ್ರತಿಯಾಗಿ ಬೆಸೆದರೆ, ಬೇರೆಯವರು ಗ್ರಂಥಾಲಯ ಬದಲಾಯಿಸಿ ಮತ್ತೆ ಬೆಸೆಯಲು ಬೇಕಾದ ಭಾಗಗಳನ್ನೂ ಒದಗಿಸುವ ಹೊಣೆ ಬರುತ್ತದೆ. ಪಾಠದಲ್ಲಿ ಒಂದಕ್ಷರ ಬದಲಾಗದಿದ್ದರೂ ಹೊಣೆ ಬದಲಾಗುತ್ತದೆ.

ಮೂರನೆಯದು, ಯಂತ್ರ ಮಾಡಿದವರ ಸ್ವಂತ ಸರಕು. ರಾಸ್‌ಬೆರಿ ಪೈ ಚಾಲೂ ಆಗಲು ಬೇಕಾದ ಫರ್ಮ್‌ವೇರ್ ಮುಕ್ತ ತಂತ್ರಾಂಶವಲ್ಲ. ಅದನ್ನು ಹಂಚಬಹುದು, ಆದರೆ ಆ ಗಣಕಕ್ಕಾಗಿ ಮಾತ್ರ ಬಳಸಬೇಕೆಂಬ ಷರತ್ತಿದೆ. ಕಾರ್ಡಿನಲ್ಲಿರುವುದೆಲ್ಲ ಮುಕ್ತ ಎಂದು ಮುಖಪುಟದಲ್ಲಿ ಅಚ್ಚು ಹಾಕಿಸಿದರೆ ಅದು ಸುಳ್ಳಾಗುತ್ತದೆ.

ನೀಲಿ ಪೆಟ್ಟಿಗೆಯ ಪಾಠ

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಬಣ್ಣದ ರೌಟರ್ ಮನೆಮನೆಗೆ ಹೋದ ಪೆಟ್ಟಿಗೆ. ಒಳಗಿದ್ದ ಚಿಪ್ ಬ್ರಾಡ್‌ಕಾಮ್‌ನದು, ಜಾತಿ ಮಿಪ್ಸ್. ಅದರ ಮೇಲೆ ಓಡುತ್ತಿದ್ದುದು ಲಿನಕ್ಸ್. 2003ರಲ್ಲಿ ಸಿಸ್ಕೋ ಕಂಪನಿ ಲಿಂಕ್‌ಸಿಸ್ ಅನ್ನು ಕೊಂಡುಕೊಂಡ ಕಾಲಕ್ಕೆ ಬಳಕೆದಾರರು ಇದನ್ನು ಪತ್ತೆ ಹಚ್ಚಿ, ಮೂಲ ಪಾಠ ಎಲ್ಲಿ ಎಂದು ಕೇಳಿದರು. ಒತ್ತಾಯದ ನಂತರ ಪಾಠ ಹೊರಬಂತು. ಅದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಯೋಜನೆ ಹುಟ್ಟಿ ಇಂದಿಗೂ ನಡೆಯುತ್ತಿದೆ. ವ್ಯಾಜ್ಯ ಅಲ್ಲಿಗೇ ಮುಗಿಯಲಿಲ್ಲ. ಇತರ ಉತ್ಪನ್ನಗಳನ್ನೂ ಕುರಿತು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರ ಡಿಸೆಂಬರಿನಲ್ಲಿ ಸಿಸ್ಕೋ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು. 2009ರ ಮೇ ತಿಂಗಳಲ್ಲಿ ರಾಜಿಯಾಯಿತು. ಪರವಾನಗಿ ಪಾಲನೆಯನ್ನು ನೋಡಿಕೊಳ್ಳಲು ಒಬ್ಬ ನಿರ್ದೇಶಕರನ್ನು ನೇಮಿಸಲು ಸಿಸ್ಕೋ ಒಪ್ಪಿತು.

ಚಿಪ್ ಒಬ್ಬರದು, ಪೆಟ್ಟಿಗೆ ಇನ್ನೊಬ್ಬರದು, ಕೊಂಡವರು ಮತ್ತೊಬ್ಬರು. ಆದರೂ ಕೊನೆಗೆ ಗಿರಾಕಿಯ ಕೈಗೆ ಕೊಟ್ಟವರೇ ಉತ್ತರ ಹೇಳಬೇಕಾಯಿತು. ಚೆಕ್ಕಿನ ಹಿಂದೆ ಸಹಿ ಹಾಕಿ ದಾಟಿಸಿದವರೂ ಆ ಚೆಕ್ಕಿಗೆ ಬಾಧ್ಯರು ಎಂಬ ಹಳೆಯ ನ್ಯಾಯವೇ ಇಲ್ಲಿಯೂ ನಡೆದಿದೆ.

ಸಂಘಗಳಿಗೆ ಇದೇಕೆ?

ನಮ್ಮ ಸಂಘ ಕಂಪನಿಯಲ್ಲವಲ್ಲ ಎನ್ನಬಹುದು. ಒಂದು ಕನ್ನಡ ಸಂಘ ಮಕ್ಕಳ ಕನ್ನಡ ಕಲಿಕಾ ವರ್ಗಕ್ಕೆಂದು ಇಪ್ಪತ್ತು ಚಿಕ್ಕ ಗಣಕ ಕೊಂಡು, ಕನ್ನಡ ತಂತ್ರಾಂಶ ತುಂಬಿದ ಕಾರ್ಡುಗಳನ್ನು ರಾಜ್ಯೋತ್ಸವದಂದು ಹಂಚಿತೆಂದು ಭಾವಿಸೋಣ. ಆ ಕ್ಷಣದಿಂದ ಪರವಾನಗಿಯ ದೃಷ್ಟಿಯಲ್ಲಿ ಸಂಘವೂ ವಿತರಕನೇ. ಹಣ ಪಡೆದಿಲ್ಲ ಎಂಬುದು ಹೊಣೆಯನ್ನು ಅಳಿಸದು. ಸದಸ್ಯರೊಬ್ಬರು ಮನೆಯಲ್ಲಿ ತಾವೇ ಬಳಸಲು ತಿದ್ದಿಕೊಂಡರೆ ಯಾರನ್ನೂ ಕೇಳಬೇಕಾಗಿಲ್ಲ. ಇನ್ನೊಬ್ಬರ ಕೈಗೆ ಕೊಟ್ಟಾಗಲೇ ಲೆಕ್ಕ ಶುರು.

ಇಂಥ ಕೆಲಸ ಆಗದ ಮಾತೂ ಅಲ್ಲ. ಕೇರಳದ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆಯ ಕಾಲದಿಂದಲೂ, 2017ರಿಂದೀಚೆಗೆ ಕೈಟ್ ಸಂಸ್ಥೆಯ ಮೂಲಕ, ಮುಕ್ತ ತಂತ್ರಾಂಶವೇ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಅದರಲ್ಲಿಯೇ.

ಮಾಡಬೇಕಾದ್ದು ಹೆಚ್ಚೇನಿಲ್ಲ. ಸಂಘದ ಜಮಾ-ಖರ್ಚಿನಂತೆ ಒಂದು ವಹಿ ಇಡಬೇಕು. ಕಾರ್ಡಿಗೆ ತುಂಬಿದ ಪ್ರತಿ ಪ್ಯಾಕೇಜಿನ ಹೆಸರು, ಆವೃತ್ತಿ ಸಂಖ್ಯೆ, ಪರವಾನಗಿ ಅದರಲ್ಲಿರಲಿ. ಕಾಪಿರೈಟ್ ಕಡತಗಳನ್ನು ಅಳಿಸಬಾರದು. ಅದೇ ಆವೃತ್ತಿಯ ಮೂಲ ಪಾಠವನ್ನು ಅದೇ ದಿನ ಇಳಿಸಿಕೊಂಡು ಒಂದು ಪೆನ್‌ಡ್ರೈವ್‌ನಲ್ಲಿ ಕಾಪಿಡಬೇಕು. ಆರು ತಿಂಗಳ ನಂತರ ಹುಡುಕಿದರೆ ಸಂಗ್ರಹದಲ್ಲಿ ಹೊಸ ಆವೃತ್ತಿ ಬಂದು ಕುಳಿತಿರುತ್ತದೆ. ತಿದ್ದುಪಡಿ ಮಾಡಿದ್ದರೆ ಯಾರು, ಎಂದು, ಏಕೆ ಎಂದು ಬರೆದು, ಕಟ್ಟುವ ಸ್ಕ್ರಿಪ್ಟಿನೊಡನೆ ಜೋಡಿಸಬೇಕು. ಕಾರ್ಡು ಹಂಚುವಾಗ ಪೆನ್‌ಡ್ರೈವ್‌ನ ಪ್ರತಿಯನ್ನೂ ಕೊಟ್ಟುಬಿಟ್ಟರೆ ಮೂರು ವರ್ಷದ ವಚನದ ಹೊರೆಯೂ ಇಲ್ಲ. ಕಾರ್ಯಕಾರಿ ಸಮಿತಿ ಬದಲಾದಾಗ ವಹಿಯೂ ಪೆನ್‌ಡ್ರೈವೂ ಹೊಸ ಕಾರ್ಯದರ್ಶಿಗೆ ಹಸ್ತಾಂತರವಾಗಬೇಕು. ಅಕಸ್ಮಾತ್ ತಪ್ಪಾದರೆ ಗಾಬರಿ ಬೇಡ. ಜಿಪಿಎಲ್ ಮೂರನೆಯ ಆವೃತ್ತಿಯಲ್ಲಿ, ಮೊದಲ ಸಲ ತಪ್ಪಿದವರು ನೋಟಿಸು ಬಂದ 30 ದಿನಗಳೊಳಗೆ ಸರಿಪಡಿಸಿದರೆ ಹಕ್ಕು ಮರಳಿ ಸಿಗುತ್ತದೆ. ಎರಡನೆಯ ಆವೃತ್ತಿಯಲ್ಲಿ ಈ ರಿಯಾಯಿತಿ ಬರೆದಿಲ್ಲ.

ಕೊನೆಯದಾಗಿ, ಮಾಡಿದ ತಿದ್ದುಪಡಿಯನ್ನು ಮೂಲದವರಿಗೂ ಕಳುಹಿಸಿಕೊಡುವುದು ಒಳ್ಳೆಯದು. ಪರವಾನಗಿ ಇದನ್ನು ಕೇಳುವುದಿಲ್ಲ. ಆದರೆ ಮೂಲದವರು ಒಪ್ಪಿಕೊಂಡರೆ ಮುಂದಿನ ಎಲ್ಲರಿಗೂ ಕನ್ನಡ ಸರಿಯಾಗಿ ಮೂಡುತ್ತದೆ, ಸಂಘಕ್ಕೆ ಪ್ರತಿ ಸಲ ತಿದ್ದುವ ಕಷ್ಟವೂ ತಪ್ಪುತ್ತದೆ. ತಂತ್ರಾಂಶ ಬರೆಯುವವರು ಮೂಲದವರನ್ನು 'ಅಪ್‌ಸ್ಟ್ರೀಮ್', ಅಂದರೆ ನದಿಯ ಮೇಲ್ದಂಡೆಯವರು ಎಂದೇ ಕರೆಯುತ್ತಾರೆ. ದೌಂಡ ದಾಟಿದ ಭೀಮೆ ಪಂಢರಪುರ ಮುಟ್ಟಿ, ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ಬರುತ್ತದೆ. ಮೇಲ್ದಂಡೆಯವರು ನೀರು ಹೇಗೆ ಬಿಡುತ್ತಾರೆ ಎಂಬುದರ ಮೇಲೆ ಕೆಳಗಿನವರ ಬದುಕು ನಿಂತಿದೆ ಎಂದು ಆ ಕಡೆಯ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಳೆಯ ಸ್ಮರಣ ಸಂಚಿಕೆಗಳ ಕಡತಗಳನ್ನು ಇಂದು ತೆರೆಯಲು ಹೋಗಿ, ಅಂದಿನ ಫಾಂಟು ಸಿಗದೆ, ಪರದೆಯ ಮೇಲೆ ಅರ್ಥವಾಗದ ಚಿಹ್ನೆಗಳನ್ನು ಕಂಡು ಕೈಚೆಲ್ಲಿದ ಸಂಪಾದಕರು ನಮ್ಮ ಸಂಘ-ಸಂಸ್ಥೆಗಳಲ್ಲಿ ಕಡಿಮೆಯಿಲ್ಲ. ಅಂದು ಅವೂ ಉಚಿತವಾಗಿಯೇ ಸಿಕ್ಕಿದ್ದವು. ಮೂಲ ಪಾಠ ಮಾತ್ರ ಜೊತೆಗೆ ಬಂದಿರಲಿಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ರಿಸ್ಕ್-ಫೈವ್ ಮೊದಲ ಬಾರಿಗೆ ಅಧಿಕೃತ ಸ್ಥಾನ ಪಡೆದಿದೆ. ಮುಂದಿನ ಗೇಜು ಆಗಲೇ ಬಂದಾಯಿತು. ಅದರ ಮೇಲೂ ಕನ್ನಡ ಓಡಬೇಕಾದರೆ, ಇಂದು ಕಾರ್ಡು ತುಂಬುವವರು ಅದರೊಡನೆ ಮೂಲ ಪಾಠವನ್ನೂ ಹೆಸರುಗಳನ್ನೂ ಕೊಟ್ಟಿರಬೇಕು.